ಎಮ್ಮೆ ಮನೆಗೆ ಬಂದ ತಾರೀಖು

ಇವತ್ತು ಬೆಳಿಗ್ಗೆ ಕಸದ ಗಾಡಿ ನಮ್ಮ ಓಣಿಗೆ ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಒಂದು ಮೊಳೆಯ ಜೊತೆ ಜಗಳವಾಡುತ್ತಿದ್ದೆ. ಹೊಸ ವರ್ಷದ ಕ್ಯಾಲೆಂಡರು ಹಾಕಬೇಕು, ಮೊಳೆಯ ಮೇಲೆ ಜಾಗವಿಲ್ಲ. ಬೇರೆಯವರ ಮನೆಗಳಲ್ಲಿ ಹಳೆಯದನ್ನು ತೆಗೆದು ಹೊಸದು ಹಾಕುತ್ತಾರೆ. ನಮ್ಮಲ್ಲಿ ಹಳೆಯದರ ಮೇಲೆಯೇ ಹೊಸದು. ಬೀರುವಿನಲ್ಲಿಟ್ಟರೆ ಇಲಿ ಕಾಟ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ನಮ್ಮ ಯಜಮಾನರು ನೀರು ಕಾಯಿಸಲು ಉರಿ ಹಚ್ಚಿಬಿಡುತ್ತಾರೆ. ಹೀಗಾಗಿ ಅಡುಗೆಮನೆ ಬಾಗಿಲ ಪಕ್ಕದ ಆ ಒಂದೇ ಮೊಳೆ ಹದಿನಾಲ್ಕು ವರ್ಷಗಳನ್ನು ಹೊತ್ತುಕೊಂಡು ಮೂಗು ಕೆಳಗೆ ಮಾಡಿ ನಿಂತಿದೆ.

"ಅಕ್ಕಾ, ಅಷ್ಟ್ಯಾಕ ಒದ್ದಾಡ್ತಿ? ಆ ಹಳೇ ಗಂಟು ಇತ್ಲಾಗ ಒಗಿ. ಚಲೋ ಕಾಗದ ಐತಿ, ಒಣ ಕಸಕ್ಕ ಬರ್ತದ," ಎಂದು ಬಾಗಿಲಲ್ಲಿ ನಿಂತು ಕೂಗಿದಳು ಮಾಬುಬಿ. ಮೈಮೇಲೆ ಹಸಿರು ಕೋಟು, ಕೈಗೆ ಗವಸು. ಗಾಡಿಯ ಹಾಡು ಅವಳ ದನಿಯ ಮುಂದೆ ಸಪ್ಪಗಾಗಿತ್ತು.

"ಇವನ್ನ ಕಸ ಅಂತೀಯೇನ? ಅದೂ ನೀನು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಮಗೆ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಕ್ಕಿಲ್ಲ. ಕುಳಿತುಕೊಳ್ಳಿ, ಚಹಾ ಕುದಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ; ಮುಗಿಯದಿದ್ದರೆ ಇನ್ನೊಂದು ಸಲ ಕುದಿಸೋಣ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ, ಭತ್ತದ ಗದ್ದೆ ಬಿಟ್ಟು ಬೇರೇನೂ ಕಾಣದ ಒಂದು ಕಡೆ ಕಂಡಕ್ಟರ್ ಅವಸರದಿಂದ ಸೀಟಿ ಊದುತ್ತಾನೆ. ಅದು ನಮ್ಮೂರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಮಾವ ಕಾಲುವೆಯ ಗ್ಯಾಂಗ್‌ಮನ್ ಆಗಿದ್ದರು. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ದಿನವಿಡೀ ಕಾಲುವೆಯ ದಂಡೆ ನಡೆಯುವುದು, ತೂಬು ನೋಡುವುದು, ಬಿರುಕು ಕಂಡರೆ ಮಣ್ಣು ತುಂಬುವುದು ಅವರ ಕೆಲಸ. ನೀರಿನ ಅಳತೆಯ ಅಂಕಿ ಓದುತ್ತಿದ್ದರು, ಅಕ್ಷರ ಬರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಬಂದಳೆಂದು ಅವರಿಗೆ ಆದ ಸಂತೋಷ ಅವರ ಮಗನಿಗೂ ಆಗಿರಲಿಲ್ಲವೇನೋ. ಸಂಜೆ ಬಂದು ಕಾಲು ತೊಳೆದವರೇ, "ಬರ್ಕೊ ಯವ್ವಾ, ಇವತ್ತು ನೀರು ಬಿಟ್ರು," ಎನ್ನುವರು. ನಾನು ಕ್ಯಾಲೆಂಡರಿನ ಚೌಕದಲ್ಲಿ ಬರೆಯುವೆ. "ಬರ್ಕೊ ಯವ್ವಾ, ಇವತ್ತು ಬಂದ್ ಮಾಡ್ಯಾರ." ಅದನ್ನೂ ಬರೆಯುವೆ. ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಅವರು ತಟ್ಟೆಗೆ ಕೈ ಇಡುತ್ತಿದ್ದುದು.

ಮಾವ ತೀರಿಕೊಂಡ ದಿನ ಕಾಲುವೆಯ ಆಳೊಬ್ಬ ಓಡಿ ಬಂದು ಕಾಲುವೆಗೆ ನೀರು ಬಂದಿದೆ ಎಂದ. ಆ ದಿನದ ಚೌಕದಲ್ಲಿಯೂ ನಾನು ಬರೆದದ್ದು "ನೀರು ಬಂತು" ಎಂದಷ್ಟೇ. ಅವರಿಗೆ ಬೇಕಾಗಿದ್ದ ಸುದ್ದಿ ಅದೊಂದೇ ಆಗಿತ್ತು.

ಆಮೇಲೆ ಕೇಳುವವರಿರಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ಬರೆಯಲು ಸುದ್ದಿ ಸಾಲದೆ ಸಿಕ್ಕಿದ್ದನ್ನೆಲ್ಲ ಬರೆಯತೊಡಗಿದೆ. ಗ್ಯಾಸು ಮುಗಿದದ್ದು, ಅತ್ತೆಗೆ ಸಿಟ್ಟು ಬಂದದ್ದು, ಇಳಿದದ್ದು (ಇದು ಕಡಿಮೆ), ಮಾಳಿಗೆಯ ಮೇಲೆ ಸಂಡಿಗೆ ಇಟ್ಟದ್ದು, ಗಾಳಿಗೆ ಸಂಡಿಗೆಯ ಬಟ್ಟೆ ಹಾರಿದ್ದು. ಯಜಮಾನರು ಗೆಳೆಯರೆದುರು, "ನಮ್ಮ ಮನ್ಯಾಗ ನೊಣ ಕುಂತ್ರೂ ದಾಖಲಾಗ್ತದ," ಎಂದು ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ, ಅದನ್ನೂ ಬರೆದಿಟ್ಟಿದ್ದೇನೆ.

ಈ ದಾಖಲೆಗಳಲ್ಲಿ ನಮ್ಮ ಎಮ್ಮೆಯದೊಂದು ಪಾಲು. ಕಾಲುವೆಗೂ ನಮ್ಮ ಕುಡಿಯುವ ನೀರಿನ ಕೆರೆಗೂ ನಡುವೆ ಸರ್ಕಾರಿ ಹುಲ್ಲುಗಾವಲಿದೆ, ನಾವು ಗಾಯರಾಣ ಎನ್ನುತ್ತೇವೆ. ಕಾಲುವೆ ಬಂದಾದ ಮೇಲೆ ಎಮ್ಮೆಯನ್ನು ಅಲ್ಲಿ ಗೂಟಕ್ಕೆ ಕಟ್ಟುತ್ತೇವೆ. ಮತ್ತೆ ನೀರು ಬಿಟ್ಟು ಎರಡು ಮೂರು ವಾರಗಳಾದರೆ ನೆಲದೊಳಗಿನಿಂದ ಜವಳು, ಅಂದರೆ ಅಡಿಯ ಉಪ್ಪು ನೀರು, ಮೇಲೇಳುತ್ತದೆ. ಮೇಲೆ ನೋಡಿದರೆ ಏನೂ ಇಲ್ಲ. ಎಮ್ಮೆ ಒಮ್ಮೆ ಕತ್ತು ಒದರಿದರೆ ಗೂಟ ಬೆಣ್ಣೆಯಿಂದ ಕಿತ್ತ ಹಾಗೆ ಕಿತ್ತು ಬರುತ್ತದೆ. ಮಹಾರಾಣಿ ಗೂಟ ಎಳೆದುಕೊಂಡೇ ಮನೆಗೆ ಬರುತ್ತಾಳೆ. ನಾನು ಬರೆಯುತ್ತೇನೆ: "ಎಮ್ಮೆ ಮನೆಗೆ ಬಂತು."

ಮೂರು ವರ್ಷದ ಹಿಂದಿನ ಮಾತು. ಸುತ್ತಲ ಐದಾರು ಊರುಗಳ ಕಸವನ್ನು ಒಂದು ಕಡೆ ತಂದು, ಹಸಿ ಕಸದಿಂದ ಗೊಬ್ಬರ ಮಾಡುವ, ಒಣ ಕಸ ಬೇರ್ಪಡಿಸಿ ಮಾರುವ ಘಟಕವೊಂದು ನಮ್ಮ ಕಡೆಗೆ ಮಂಜೂರಾಯಿತು. ಜಾಗ ನೋಡಲು ಲಿಂಗಸುಗೂರು ಕಡೆಯ ಎಂಜಿನಿಯರ್ ಒಬ್ಬರು ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ, ಆದರೆ ಬೆಳೆದದ್ದು ಕಾಲುವೆ ಕಾಣದ ಒಣ ಸೀಮೆಯಲ್ಲಿ. ಅವರು ಬಂದದ್ದು ಮೇ ತಿಂಗಳಲ್ಲಿ, ಕಾಲುವೆ ಬಿರುಕು ಬಿಟ್ಟು ಮಲಗಿದ್ದಾಗ. ಗಾಯರಾಣದ ಮೇಲೆ ಬೆಳ್ಳಗೆ ಉಪ್ಪು ಕಟ್ಟಿದ್ದನ್ನು ನೋಡಿ, ಏನೂ ಬೆಳೆಯದ ಬಂಜರು, ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ನಾಲ್ಕು ಮೂಲೆಗೆ ಸುಣ್ಣ ಹೊಡೆಸಿ ಹೋದರು. ಅವರನ್ನು ಬೈಯಲಾರೆ. ಅವರ ಊರಲ್ಲಿ ಬೇಸಿಗೆಯಲ್ಲಿ ಒಣಗಿದ ನೆಲ ಮಳೆಗಾಲದಲ್ಲೂ ಒಂದು ಮಟ್ಟಕ್ಕೆ ಒಣ ನೆಲವೇ.

ನನಗೆ ಮಾತ್ರ ಎಮ್ಮೆಯ ಗೂಟ ನೆನಪಾಯಿತು. ಅಲ್ಲಿ ಕಸ ಸುರಿದರೆ, ಜವಳು ಎದ್ದಾಗ ಅದರ ರಸವೆಲ್ಲ ಇಳಿಯುವುದು ಕೆರೆಗೆ. ಊರಿಗೆ ಊರೇ ಕುಡಿಯುವುದು ಆ ನೀರನ್ನು. ಹೇಳಬೇಕೆಂದು ಮೊದಲು ಹೋದದ್ದು ಮಾಬುಬಿಯ ಮನೆಗೆ.

ಮಾಬುಬಿ ನಮ್ಮ ಹಿತ್ತಿಲ ಗೋಡೆಯಾಚೆಯವಳು. ಗಂಡ ತೀರಿದ ಮೇಲೆ ಅವನ ಗುಜರಿ ವ್ಯಾಪಾರ ತಾನೇ ಹಿಡಿದು, ತಳ್ಳುಗಾಡಿಯೊಂದಿಗೆ ಜವಳಗೇರಾ, ಮುಕ್ಕುಂದ ಎಂದು ಊರೂರು ಬಿಸಿಲಲ್ಲಿ ತಿರುಗಿದವಳು. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಚುಕಿ, ಅದರ ಸದ್ದು ಕೇಳಿಯೇ ಯಾವ ಚೀಲಕ್ಕೆ ಹೋಗಬೇಕೆಂದು ಹೇಳುತ್ತಾಳೆ. ಘಟಕ ಬಂದರೆ ಅದರ ಕೆಲಸ ಹೆಣ್ಣುಮಕ್ಕಳ ಸಂಘಕ್ಕೆ ಎಂದಿದ್ದರು. ಹನ್ನೊಂದು ಜನರ ಹೆಸರು ಬರೆಸಿ ಕುಳಿತಿದ್ದಳು.

ನನ್ನ ಮಾತು ಕೇಳಿ ಅವಳು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. "ಅಕ್ಕಾ, ಈ ಊರವ್ರು ಬ್ಯಾಡ ಅಂದ್ರ ಬ್ಯಾರೆ ಕಡಿಗಿ ಒಯ್ತೀವಿ ಅಂದಾರ ಸಾಹೇಬ್ರು. ನನ್ನ ಮೊಣಕಾಲು ನೋಡೀಯಿಲ್ಲ? ಇನ್ನೆಷ್ಟು ವರ್ಷ ಗಾಡಿ ನೂಕ್ಲಿ? ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

"ನೀ ಕುಡಿಯೂದು ಅದ ಕೆರಿ ನೀರಲ್ಲೇನ?"

"ಎಲ್ಲಾರೂ ಸುಮ್ನ ಅದಾರ. ನಿನಗೊಬ್ಬಾಕಿಗೆ ಬಾಯಿ ಬಂತೇನ?" ಎಂದು ಎದ್ದು ಒಳಗೆ ಹೋದಳು.

ಕ್ಯಾಲೆಂಡರಿನಲ್ಲಿ ಮುಂದಿನ ನಾಲ್ಕು ಚೌಕಗಳಲ್ಲಿ ಬರೆದದ್ದು ಒಂದೇ: "ಮಾಬುಬಿ ಮಾತಿಲ್ಲ." ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಎಂದು ನನಗೂ ಅನಿಸಿತ್ತು. ಗೋಡೆಯಾಚೆಯಿಂದ ದಿನಕ್ಕೆ ಹತ್ತು ಸಲ ಬರುತ್ತಿದ್ದ ದನಿ ಬರದೇ ಹೋದರೆ ಮನೆ ಎಷ್ಟು ದೊಡ್ಡದಾಗುತ್ತದೆ ಗೊತ್ತೇ!

ಐದನೆಯ ದಿನ ಪಂಚಾಯತಿಯ ಅಂಗಳದಲ್ಲಿ ಗ್ರಾಮಸಭೆ. ಎಂಜಿನಿಯರ್ ಹೇಳಿದರು: "ಸೊಂಟದ ತನಕ ಗುಣಿ ತೋಡಿಸೀವಿ. ಒಂದು ಹನಿ ನೀರಿಲ್ಲ. ಯಾರದರ ತಕರಾರು ಐತೇನ್ರಿ?"

ಯಾರದೂ ಇರಲಿಲ್ಲ. ನಾನು ಎದ್ದು ನಿಂತೆ. ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕ್ಯಾಲೆಂಡರಿನ ಗಂಟು. ಪಂಚಾಯತಿ ಮೆಂಬರ್ ಬಸನಗೌಡರು ಕುರ್ಚಿಯಲ್ಲೇ ಹಿಂದೆ ಒರಗಿದರು.

"ಏನ ತಂಗೀ, ಪಂಚಾಂಗ ಹೇಳಾಕ ಬಂದಿಯೇನು? ಮೊದಲು ನನ್ನ ರಾಶಿ ನೋಡು."

ಸಭೆಯೆಲ್ಲ ನಕ್ಕಿತು. "ಗಾಯರಾಣದಾಗ ನೀರು ಏಳ್ತದ್ರಿ ಸಾಹೇಬ್ರ. ಇದರಾಗ ಬರ್ದೀನಿ," ಎಂದು ಗಂಟನ್ನು ಮೇಜಿನ ಮೇಲಿಟ್ಟೆ. ಪಾಪ, ಆತ ಮರ್ಯಾದೆಯಿಂದಲೇ ಒಂದನ್ನು ಬಿಚ್ಚಿ ಸಿಕ್ಕ ಚೌಕಗಳನ್ನು ಗಟ್ಟಿಯಾಗಿ ಓದತೊಡಗಿದರು.

"ಅಲಸಂದಿ ನೆನೆ ಹಾಕಬೇಕು... ಅತ್ತೆ ಸಿಟ್ಟಿನಲ್ಲಿದ್ದಾರೆ... ಇವರು ಉಪ್ಪಿಟ್ಟು ತಿನ್ನಲಿಲ್ಲ, ನಾಳೆಯಿಂದ ತಾವೇ ಮಾಡಿಕೊಳ್ಳಲಿ..."

ನಗೆಯೋ ನಗೆ. ಯಜಮಾನರು ಬೇವಿನ ಮರದಲ್ಲಿ ಏನನ್ನೋ ಹುಡುಕುತ್ತಿದ್ದರು. ನೆಲ ಬಾಯಿ ಬಿಡಬಾರದೇ ಎಂದುಕೊಂಡೆ. ಮೇ ತಿಂಗಳು, ಬಿಟ್ಟೇ ಇತ್ತು, ಆದರೆ ನನ್ನ ಗಾತ್ರಕ್ಕೆ ಸಾಲದು.

"ಎಮ್ಮೆ ಮನೆಗೆ ಬಂತು," ಎಂದು ಓದಿ ಎಂಜಿನಿಯರ್ ತಲೆ ಎತ್ತಿದರು. "ಅಕ್ಕಾರ, ನಿಮ್ಮ ಎಮ್ಮಿ ಮನಿಗೆ ಬಂದ್ರ ನಾ ಏನ್ ಮಾಡ್ಲಿರಿ?"

"ಅದು ತಾನಾಗಿ ಬರೂದಿಲ್ರಿ, ನೀರು ಅದನ್ನ ಕಳಸ್ತದ," ಎಂದೆ. ಗೂಟದ ವಿಷಯ ಹೇಳಿದೆ. "ಪ್ರತಿ ವರ್ಷ ಮೊದಲು ನೀರು ಬಿಟ್ಟ ತಾರೀಖು ನೋಡ್ರಿ, ಆಮ್ಯಾಲ ಎಮ್ಮಿ ಬಂದ ತಾರೀಖು ನೋಡ್ರಿ."

ಅವರು ಒಂದು ವರ್ಷ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪೆನ್ನು ತೆಗೆದರು. ನೀರು, ಎಮ್ಮೆ, ನೀರು, ಎಮ್ಮೆ. ಕೆಲವು ವರ್ಷ ಎರಡು ವಾರ, ಕೆಲವು ವರ್ಷ ಮೂರು. ಒಂದು ಕ್ಯಾಲೆಂಡರು ಬಂದಾಗ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, "ಈ ವರ್ಷ ಎಮ್ಮಿ ಬಂದ ಇಲ್ಲಲ್ರಿ?" ಎಂದರು.

"ಆ ವರ್ಷ ಕಾಲುವಿಗೆ ನೀರ ಬಿಡ್ಲಿಲ್ರಿ," ಎಂದೆ.

ಎಂಜಿನಿಯರ್ ಪೆನ್ನಿನ ಮುಚ್ಚಳ ಹಾಕಿದರು. "ಹಂಗಾದ್ರ ಈ ಜಾಗ ನಡಿಯೂದಿಲ್ಲ. ಬ್ಯಾರೆ ಊರಿಗೆ..."

ಆಗ ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಐದು ದಿನಗಳಿಂದ ನಾನು ಕೇಳದಿದ್ದ ದನಿ.

"ತಡೀರಿ ಸಾಹೇಬ್ರ. ಅದರಾಗ ಗೂಟ ಮುರಿದದ್ದೂ ಬರ್ದಾಳ. ಎಲ್ಲಿ ಮುರೀತು ಅಂತ ಕೇಳ್ರಿ ಅಕ್ಕನ್ನ." ಮಾಬುಬಿ ಎದ್ದು ನಿಂತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. "ಆ ಮುರಿದ ಕಬ್ಬಿಣದ ಗೂಟ ಗುಜರಿಗೆ ಒಯ್ದಾಕಿ ನಾನ. ಗರಸು ದಿನ್ನಿ ಮ್ಯಾಲ ಮುರಿದದ್ದು ಅದು. ಭಾದ್ರಪದ ಮಳ್ಯಾಗ!"

ಊರ ಮೂಡಣದ ಗರಸುಮಣ್ಣಿನ ದಿಬ್ಬ. ಎಮ್ಮೆಯನ್ನು ಒಂದು ವರ್ಷ ಅಲ್ಲಿ ಕಟ್ಟಲು ಹೋಗಿ, ಸುತ್ತ ಕಾಲುವೆ ತುಂಬಿ ಹರಿಯುತ್ತಿದ್ದರೂ ನೆಲ ಕಲ್ಲಿನಂತಿದ್ದು, ಗೂಟವೇ ಮುರಿದಿತ್ತು. ನನಗೇ ಮರೆತುಹೋಗಿತ್ತು; ನನ್ನ ಕ್ಯಾಲೆಂಡರು ಮತ್ತು ಮಾಬುಬಿ ಮರೆತಿರಲಿಲ್ಲ.

"ದಿನ್ನಿ ಮ್ಯಾಲಿಂದ ಊರಿಗೆಲ್ಲ ವಾಸನಿ ಬರ್ತದ," ಎಂದರು ಗೌಡರು.

"ಗೌಡ್ರ, ಬ್ಯಾಸಗಿ, ಮಳಿಗಾಲದಾಗ ನನ್ನ ಸಂಡಿಗಿ ಬಟ್ಟಿ ಎಷ್ಟು ಸಲ ಹಾರೈತಿ, ಅಷ್ಟೂ ಸಲ ದಿನ್ನಿ ಕಡಿಗೇ ಹಾರೈತ್ರಿ. ಅಲ್ಲಿಂದ ಗಾಳಿ ಈ ಕಡಿಗೆ ಬರೂದು ಚಳಿಗಾಲದಾಗ ಅಷ್ಟ. ಸುಳ್ಳು ಹೇಳಂಗಿಲ್ಲ, ಆಗ ಬರ್ತದ. ಅದಕ್ಕ ಈ ಕಡಿಗೆ ಸಾಲಾಗಿ ಗಿಡ ಹಚ್ರಿ," ಎಂದೆ ನಾನು.

ಎಂಜಿನಿಯರ್ ನಕ್ಕರು. ಈ ಸಲದ ನಗೆ ಬೇರೆ. "ನೀರು ಬರೂ ತನಕ ತಡೀತೀನ್ರಿ. ಎಮ್ಮಿ ಏನ್ ಹೇಳ್ತದ ನೋಡೂಣು."

ಆ ವರ್ಷ ನೀರು ಬಂತು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಮ್ಮೆ ಗೂಟ ಎಳೆದುಕೊಂಡು ಮನೆಗೆ ಬಂತು. ಯಜಮಾನರೇ ಫೋನು ಮಾಡಿದರು. ಎಂಜಿನಿಯರ್ ಓಡಿ ಬಂದು, ತಾವೇ ಹೊಡೆಸಿದ್ದ ಸುಣ್ಣದ ಗೆರೆ ದಾಟಿ ನಾಲ್ಕು ಹೆಜ್ಜೆ ಇಟ್ಟರು, ಐದನೆಯದಕ್ಕೆ ಕಾಲು ಬಂತು, ಬೂಟು ಬರಲಿಲ್ಲ. ಬಸನಗೌಡರು ಕೈ ಹಿಡಿದು ಎಳೆಯಲು ಹೋಗಿ ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟರು. ತೋಡಿಸಿದ್ದ ಗುಣಿಯಲ್ಲಿ ಬಿಂದಿಗೆ ಮುಳುಗುವಷ್ಟು ನೀರು. ಕೆರೆಯ ಏರಿಯ ಮೇಲೆ ಊರ ಹೆಂಗಸರೆಲ್ಲ ನಿಂತು ಕೇಕೆ ಹಾಕಿದರು. ಎಮ್ಮೆಯ ಹಣೆಗೆ ಯಾರೋ ಕುಂಕುಮ ಹಚ್ಚಿದರು. ಅದಕ್ಕೆ ಮಾಬುಬಿ ತನ್ನ ಮನೆಯ ಬೆಲ್ಲ ತಿನ್ನಿಸಿದಳು. ಬರಿಗಾಲಲ್ಲಿ ನಮ್ಮ ಮನೆಗೆ ಬಂದ ಎಂಜಿನಿಯರ್ ಪೆನ್ನು ಕೇಳಿ ಆ ದಿನದ ಚೌಕದಲ್ಲಿ ತಾವೇ ಬರೆದರು: "ಬೂಟು ಹೋಯಿತು. ಘಟಕ ದಿನ್ನಿಗೆ." ಕೆಳಗೆ ಸಹಿ.

ಈಗ ದಿನ್ನಿಯ ಮೇಲೆ ಶೆಡ್ಡು ನಿಂತಿದೆ. ಹೊಂಗೆಯ ಸಾಲು ಆಳೆತ್ತರ ಬಂದಿದೆ. ಮಾಬುಬಿ ಅಲ್ಲಿ ಹನ್ನೊಂದು ಜನರ ಮೇಲೆ ದೊಡ್ಡ ದನಿಯಲ್ಲಿ ರಾಜ್ಯಭಾರ ಮಾಡುತ್ತಾಳೆ. ಕೆರೆಯ ನೀರು ಕೆರೆಯ ನೀರಾಗಿಯೇ ಇದೆ. ನಿಮಗೆ ಮಾಡಿಕೊಟ್ಟ ಚಹಾ ಅದರದೇ.

ಇವತ್ತು ನಗೆ ನಿಂತ ಮೇಲೆ ಮಾಬುಬಿ ಗವಸು ಬಿಚ್ಚಿದಳು. "ಹಳೇವು ಯಾರಿಗೆ ಬೇಕಬೇ? ನನಗ ಆ ಹೊಸಾದು ಕೊಡು. ಶೆಡ್ಡಿನ್ಯಾಗ ಗ್ವಾಡಿಗೆ ಮೊಳಿ ಹೊಡದೀನಿ."

"ಯಾತಕ್ಕ?"

"ಯಾತಕ್ಕಂದ್ರ? ಬರ್ಯಾಕ."

ಅವಳಿಗೆ ಅಕ್ಷರ ಬಂದದ್ದು ಸಂಘದ ಸಹಿ ಕಲಿಯುವಾಗ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಗೋಡೆಗೆ ಕ್ಯಾಲೆಂಡರು ಒತ್ತಿ ಹಿಡಿದು, ಇವತ್ತಿನ ಚೌಕ ಹುಡುಕಿ, ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದಳು. "ಕಾಲುವಿ ತುಂಬೇತಿ. ದಿನ್ನಿ ನೆಲ ಒಣಗೈತಿ." ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು. ನಾನು ಮಾವನ ಹಾಗೆ ಪೂರ್ತಿ ಕೇಳಿ ಮುಗಿಸಿ, ಹೂಂ ಎಂದೆ.

ಗಾಡಿ ಹಾಡುತ್ತ ಮುಂದೆ ಹೋಯಿತು. ನನ್ನ ಮೊಳೆ ಈ ವರ್ಷಕ್ಕೆ ಇನ್ನೂ ಖಾಲಿ. ಬಸನಗೌಡರ ಮನೆಗೆ ಗೊಬ್ಬರದಂಗಡಿಯವರು ಎರಡು ಕ್ಯಾಲೆಂಡರು ಕೊಟ್ಟಿದ್ದಾರಂತೆ. ಒಂದನ್ನು ಕೇಳಿ ತರಲು ಈಗ ಹೊರಟಿದ್ದೇನೆ. ಕೇಳಿದರೆ ಇಲ್ಲ ಎನ್ನುವ ಧೈರ್ಯ ಈಗ ಅವರಿಗಿಲ್ಲ. ಚಪ್ಪಲಿಯ ತಾರೀಖು ನನ್ನ ಹತ್ತಿರ ಇದೆ.