ಕಣಕಟ್ಟೆ ಗುಡ್ಡದ ತೇವ

ಕಣ್ಣಿಗೆ ಕಂಡದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ನಂಬಿದವಳು ನಾನು. ಅರಸೀಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮಾಯ, ಮಾಟದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಬೇಕೆಂದೇನಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಶಿವರಾತ್ರಿ ಕಳೆದ ಮೇಲೆ, ಶಶಿಕಲಾ ಮತ್ತು ನಾನು ಕಣಕಟ್ಟೆ ಕಡೆಯ ಗುಡ್ಡವೊಂದನ್ನು ಹತ್ತಿದೆವು. ಶಶಿಕಲಾ ನನ್ನ ಜೊತೆಯಲ್ಲೇ ಓದಿ, ಅದೇ ಕಾಲೇಜಿಗೆ ಸೇರಿದವಳು. ಎತ್ತರಕ್ಕೆ ಹೋದಂತೆ ಗಿಡಮರಗಳು ಬದಲಾಗುವುದನ್ನು ಮಕ್ಕಳಿಗೆ ತೋರಿಸಲು ಚಿಕ್ಕಮಗಳೂರಿನ ಬೆಟ್ಟಗಳೇ ಬೇಕಿಲ್ಲ, ನಮ್ಮ ಗುಡ್ಡ ಸಾಕು ಎಂದು ಅವಳ ವಾದ. ಇಷ್ಟು ಕುಳ್ಳ ಗುಡ್ಡದಲ್ಲಿ ಏನು ಬದಲಾದೀತು ಎಂದು ನನ್ನದು.

ಅವಳ ಮಾತಿನಲ್ಲೂ ನಿಜವಿತ್ತು. ಬುಡದಲ್ಲಿ ತಂಗಡಿ, ಕಾರೆ, ಲಂಟಾನ. ಅರ್ಧ ಏರುವಷ್ಟರಲ್ಲಿ ಅವು ಕಡಿಮೆಯಾಗಿ, ಒಣನೆಲದ ಕುರುಚಲು ಬಂದರಿ ಗಿಡಗಳೇ ಹೆಚ್ಚಾದವು. ನೆತ್ತಿಯಲ್ಲಿ ಬಂಡೆ ಸಂದಿಯ ಒಣಹುಲ್ಲು ಬಿಟ್ಟರೆ ಏನೂ ಇಲ್ಲ.

ಶಶಿಕಲಾ ಆಚೆ ಬದಿಗೆ ಮುಂದಾಗಿ ಇಳಿದಳು. ಎರಡು ಬಂಡೆಗಳ ನಡುವೆ ನುಸುಳಿ ನಾನೂ ಹೋದೆ. ಅಲ್ಲಿ ಮೈ ನಡುಗುವಷ್ಟು ಚಳಿಯಿತ್ತು. ಎದುರಿಗೆ ಗಾಳಿಗೆ ಬಾಗಿ ಗಿಡ್ಡವಾದ ಮರಗಳು, ಕೊಂಬೆಗಳ ತುಂಬ ಪಾಚಿ, ಅದರಿಂದ ತೊಟ್ಟಿಕ್ಕುವ ನೀರು, ಕೆಳಗೆ ಜರೀಗಿಡ, ಕಪ್ಪು ಮಣ್ಣು. ಇಂಥ ಕಾಡನ್ನು ನಾನು ಕಂಡದ್ದು ಮುಳ್ಳಯ್ಯನಗಿರಿಯ ಎತ್ತರದಲ್ಲಿ ಮಾತ್ರ. ಅದರ ಮುಂದೆ ಈ ಗುಡ್ಡ ಒಂದು ದಿಬ್ಬ.

ಶಶಿಕಲಾ ಆ ಮರಗಳ ಮಧ್ಯೆ ನನಗೆ ಬೆನ್ನು ಹಾಕಿ ನಿಂತಿದ್ದಳು.

“ಶಶಿ, ಇದೇನೇ ಇದು?”

ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. “ಯಾವುದು?”

“ಈ ಮರ, ಈ ಪಾಚಿ.”

“ಬರೀ ಬಂದರಿ ಕಣೇ. ಬಿಸಿಲು ಜಾಸ್ತಿ ಆಗಿದೆ ನಿಂಗೆ. ನಡಿ, ಹೋಗೋಣ.”

ಫೋಟೋ ತೆಗೆಯಲು ಫೋನಿಗೆ ಕೈ ಹಾಕಿದೆ. ಬಿಡದೆ ತೋಳು ಹಿಡಿದು ಬಂಡೆಯ ಈಚೆಗೆ ಎಳೆದುಕೊಂಡು ಬಂದಳು. ಬಿಸಿಲು ತಲೆಗೇರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಬಸ್ಸಿಗೆ ಕಾಯುವಾಗ ಅವಳ ಕಾಲ ಮೇಲೆ ಕಣ್ಣು ಬಿತ್ತು. ಹಿಮ್ಮಡಿಯ ಮೇಲಿಂದ ತೆಳ್ಳಗೆ ರಕ್ತ ಇಳಿಯುತ್ತಿತ್ತು. “ಕಾರೆ ಮುಳ್ಳು,” ಎಂದು ದುಪಟ್ಟಾದಿಂದ ಒರೆಸಿದಳು. ಒರೆಸಿದಷ್ಟೂ ಬಂತು. ಬಸ್ಸು ಅರಸೀಕೆರೆ ಮುಟ್ಟಿದರೂ ನಿಂತಿರಲಿಲ್ಲ. ಮಳೆಗಾಲದ ಕಾಡು ಸುತ್ತಿದವರಿಗೆ ಗೊತ್ತು, ಮುಳ್ಳಿನ ಗಾಯ ಹಾಗೆ ಸುರಿಯುವುದಿಲ್ಲ. ಅದು ಜಿಗಣೆ ಕಚ್ಚಿದ ಗಾಯ. ಆ ಒಣ ಗುಡ್ಡದಲ್ಲಿ ಜಿಗಣೆ ಎಲ್ಲಿಂದ ಬರಬೇಕು?

ಅವತ್ತಿನಿಂದ ನನಗೆ ಗುಡ್ಡಕ್ಕಿಂತ ಅವಳ ಮೇಲೇ ಅನುಮಾನ. ಕಂಡಿದ್ದರೆ ಕಂಡಿಲ್ಲ ಎಂದೇಕೆ ಹೇಳಿದಳು? ಆ ಜಾಗ ಅವಳಿಗೆ ಮೊದಲೇ ಗೊತ್ತಿತ್ತೇ? ಮುಂದಿನ ಭಾನುವಾರ ಗಂಡನನ್ನು ಕರೆದುಕೊಂಡು ಮತ್ತೆ ಹತ್ತಿದೆ. ಅದೇ ಬಂಡೆಗಳು, ಅದೇ ಸಂದಿ. ಆಚೆಗೆ ಬಂದರಿ, ಒಣಹುಲ್ಲು. ಆಡು ಮೇಯಿಸುತ್ತಿದ್ದ ಹೆಂಗಸನ್ನು ಕೇಳಿದೆ. “ಇಲ್ಲೆಲ್ಲಿ ತೇವ ಐತೆ ಕಣವ್ವ, ಆಡಿಗೆ ಕುಡಿಯಾಕೇ ನೀರಿಲ್ಲ,” ಎಂದಳು.

ಶಶಿಕಲಾ ಆಮೇಲೆ ಹಳೇಬೀಡಿಗೆ ವರ್ಗ ಮಾಡಿಸಿಕೊಂಡಳು. ಗೆಳೆತನ ಮುರಿಯಲಿಲ್ಲ, ಆದರೆ ಮೊದಲಿನಂತೆ ಉಳಿಯಲೂ ಇಲ್ಲ. ಮೊನ್ನೆ ಅವಳ ಮನೆಗೆ ಹೋದಾಗ ನೇರವಾಗಿ ಕೇಳಿದೆ, “ನೀನೂ ನೋಡ್ದೆ ಅಲ್ವಾ?”

ಕಾಫಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. “ಮತ್ತೆ ಹೋಗಿದ್ಯಾ ಅಲ್ಲಿಗೆ?”

“ಹೋಗಿದ್ದೆ. ಏನೂ ಇರ್ಲಿಲ್ಲ.”

ಅವಳು ಬಹಳ ಹೊತ್ತು ತಡೆದಿದ್ದ ಉಸಿರನ್ನು ಬಿಟ್ಟಂತೆ ಕಂಡಿತು. “ಒಳ್ಳೇದಾಯ್ತು,” ಎಂದು ಲೋಟ ನನ್ನ ಮುಂದಿಟ್ಟಳು. ಏನು ಒಳ್ಳೆಯದಾಯಿತೋ ನನಗೆ ಇನ್ನೂ ತಿಳಿದಿಲ್ಲ.