ಬಂಡೆಯ ಕೆಳಗಿನ ಗುದ್ದಲಿ ಸದ್ದು

ನಗುವವರು ಈಗಲೇ ನಕ್ಕುಬಿಡಿ. ಆ ಸದ್ದು ಕೇಳಿದ ಕಿವಿ ನನ್ನದು. ಕುಡಿದಿರಲಿಲ್ಲ, ಕನಸೂ ಅಲ್ಲ.

ಊಟಿಗೆ ರೈಲು ಬಂದ ಹೊಸತು. ನಮ್ಮ ಹಟ್ಟಿಯ ಹೊಲಗಳಿಗೆ ಹಳೆಯ ಕಾಲುವೆಯೊಂದೇ ಗತಿ. ಅದು ಒಂದು ಕಡೆ ಬಂಡೆಯ ಕೆಳಗಿನ ಸುರಂಗದಲ್ಲಿ ಹಾದು ಹೋಗುತ್ತದೆ. ನೀರು ಬಿಡುವ ಮೊದಲು ಒಬ್ಬ ಕೆಳಗಿನ ಬಾಯಿಂದ ಒಳಗೆ ತೆವಳಿ ಕಸ ತೆಗೆಯಬೇಕು. ಮೇಲೆ ನೀರಿಗೆ ಅಡ್ಡ ಇಟ್ಟ ಹಲಗೆಯ ಬಳಿ ನಿಂತವನು "ಹೊರಗೆ ಬಂದೆಯಾ?" ಎಂದು ಕೂಗಬೇಕು. ಉತ್ತರ ಬರದೆ ಹಲಗೆ ಎತ್ತುವಂತಿಲ್ಲ. ಈ ಕಟ್ಟಳೆ ಬಂದದ್ದೇ ನಮ್ಮ ಮನೆಯಿಂದ. ಹುಡುಗನಾಗಿದ್ದಾಗ ನಮ್ಮಜ್ಜ ಕೂಗದೆ ಹಲಗೆ ಎತ್ತಿಬಿಟ್ಟಿದ್ದ. ಒಳಗೆ ಅವನ ಸ್ವಂತ ಅಣ್ಣ ಇದ್ದ.

ಆ ದಿನ ಕತ್ತಲಾಗುತ್ತಿತ್ತು, ಮಂಜು ಬೇರೆ. ನನ್ನ ತಮ್ಮ ಬೋಜ ಸುರಂಗಕ್ಕೆ ಇಳಿದಿದ್ದ. ಹಲಗೆಯ ಬಳಿ ನಿಂತು ಕೂಗಿದೆ... ಉತ್ತರವಿಲ್ಲ. ಕೊಳೆತ ಎಲೆಯ ವಾಸನೆ. ಒಳಗೆ ಗುದ್ದಲಿ ಸದ್ದು ಮಾತ್ರ... ಸರಕ್... ಸರಕ್...

ಅಷ್ಟರಲ್ಲಿ ಬೋಜ ದಿಣ್ಣೆ ಹತ್ತಿ ಬಂದ. ನನ್ನನ್ನು ಕಂಡು ಗಕ್ಕನೆ ನಿಂತ.

"ಅಣ್ಣಾ, ನೀ ಇಲ್ಲೇ ಇದ್ದೀಯಾ? ಒಳಗೆ ಸದ್ದಿತ್ತು. ನೀನೇ ಮೇಲಿಂದ ಇಳಿದಿದ್ದೀ ಅಂತ ನಾ ಹೊರಗೆ ಬಂದ್ಬಿಟ್ಟೆ, ನಿನ್ನ ಕೂಗು ಕೇಳಲೇ ಇಲ್ಲ..."

"ಹಂಗಾದ್ರೆ ಒಳಗೆ ಯಾರೋ?"

ಹಟ್ಟಿಯವರೇ ಯಾರಾದರೂ ಇದ್ದರೆ? ನೀರು ಬಿಟ್ಟರೆ ನಮ್ಮ ಮನೆಗೆ ಇನ್ನೊಂದು ಹೆಣದ ಪಾಪ. ಬಿಡದಿದ್ದರೆ ಬೆಳಗಾದೊಡನೆ ನೀರಿನ ಸರದಿ ಬೇರೆಯವರದು, ನಮ್ಮ ಆಲೂಗಡ್ಡೆ ಒಣಗಿದಂತೆಯೇ. "ಯಾರಪ್ಪಾ ಅದು?" ಎಂದು ಇಬ್ಬರೂ ಕೂಗಿದೆವು. ಗುದ್ದಲಿ ನಿಲ್ಲಲಿಲ್ಲ.

ಬೋಜ ಓಡಿಹೋಗಿ ಅಜ್ಜನನ್ನು ಕರೆತಂದ. ಅಜ್ಜ ಲಾಂದ್ರ ಕೆಳಗಿಟ್ಟು ಕೇಳುತ್ತ ನಿಂತ. ಆಮೇಲೆ ಸುರಂಗದ ಬಾಯಿಗೆ ಬಗ್ಗಿ ಮೆಲ್ಲಗೆ ಕರೆದ.

"ಅಣ್ಣಾ... ಹೊರಗೆ ಬಾ. ನೀರು ಬಿಡ್ತೀನಿ."

ಸದ್ದು ನಿಂತಿತು.

"ಬಂದೆ..."

ದನಿ ಬೋಜನದಕ್ಕಿಂತ ಎಳೆಯದು.

"ಎತ್ತು ಮಗಾ," ಎಂದ ಅಜ್ಜ. ಎತ್ತಿದೆ. ನೀರು ಬೊಬ್ಬಿಡುತ್ತ ನುಗ್ಗಿತು. ಯಾರೂ ಚೀರಲಿಲ್ಲ.

ಮನೆಯ ದಾರಿಯಲ್ಲಿ ನಮ್ಮ ಬೆನ್ನ ಹಿಂದೆ ಒದ್ದೆ ಕಾಲಿನ ಸಪ್ಪಳ... ಬೋಜ ತಿರುಗಲು ಹೋದ.

"ನೋಡಬೇಡ," ಎಂದು ಅಜ್ಜ ಪಿಸುಗುಟ್ಟಿದ. "ಕರೆದವನು ನಾನು."

ಅಂದಿನಿಂದ ಅಜ್ಜ ತನ್ನ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿಕೊಂಡೇ ಮಲಗುತ್ತಿದ್ದ. ಅಜ್ಜ ಹೋಗಿ ಎಷ್ಟೋ ವರ್ಷವಾಯಿತು. ಆ ಚಾಪೆ ಸುತ್ತಿಡುವ ಧೈರ್ಯ ನನಗಿನ್ನೂ ಬಂದಿಲ್ಲ. ಬೆಳಿಗ್ಗೆ ಎದ್ದು ಮುಟ್ಟಿ ನೋಡುತ್ತೇನೆ... ಒದ್ದೆಯಾಗಿರುತ್ತದೆ.