ಎಣ್ಣೆ ಹಚ್ಚಿದ ಭಾನುವಾರ

ಆ ಭಾನುವಾರ ಬೆಳಿಗ್ಗೆ ಸನತ್‌ನಗರದ ನಮ್ಮ ಕ್ವಾರ್ಟರ್ಸಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಭಾನುವಾರ ಎಣ್ಣೆ, ಆಮೇಲೆ ಸೀಗೆಕಾಯಿ, ಆಮೇಲೆ ರೊಟ್ಟಿ ಊಟ. ನಾವು ಚಿಕ್ಕವರಿದ್ದಾಗಿನಿಂದಲೂ ಅದೇ ರೂಢಿ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪೇಪರ್ ಓದುತ್ತ, ಬರುವ ಭಾನುವಾರ ಮತ್ತೆ ಬಂದ್ ಇರಬಹುದು ಎಂದು ಹೇಳುತ್ತಿದ್ದ. ಅದು ತೆಲುಗು ರಾಜ್ಯ ಎರಡಾಗಿ ಒಡೆಯುವುದಕ್ಕೆ ಮೊದಲಿನ ಚಳವಳಿಯ ಕಾಲ. ಬಂದ್ ಇದ್ದರೆ ತಾರ್ನಾಕದ ಕಡೆಗೆ ಬಸ್ಸು ಇರುತ್ತಿರಲಿಲ್ಲ, ತಂಗಿಗೆ ಆಟವೂ ಇರುತ್ತಿರಲಿಲ್ಲ.

ಅವಳು ಆಡುತ್ತಿದ್ದದ್ದು ಆಸ್ಟ್ರೇಲಿಯಾದ ಫುಟ್‌ಬಾಲ್. ಕಾಲೇಜಿನಲ್ಲಿ ಖೋಖೋ ಆಡುತ್ತಿದ್ದವಳ ಜಿಗಿತ ನೋಡಿ ತರಬೇತುದಾರರೊಬ್ಬರು ಈ ಆಟಕ್ಕೆ ಕರೆದುಕೊಂಡಿದ್ದರು. ತಾರ್ನಾಕದ ಮೈದಾನದಿಂದ ಕ್ರಿಕೆಟ್ಟಿನವರು ಹೋದ ಮೇಲೆ ಎರಡೂ ತುದಿಗೆ ನಾಲ್ಕು ನಾಲ್ಕು ಬಿದಿರು ನೆಟ್ಟು ಹುಡುಗಿಯರು ಆಡುತ್ತಿದ್ದರು. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಆದರೆ ಎಸೆಯುವಂತಿಲ್ಲ, ಮುಷ್ಟಿಯಿಂದ ಗುದ್ದಿ ಕೊಡಬೇಕು. ಆ ಚೆಂಡು ಮೊದಲ ಸಲ ಮನೆಗೆ ಬಂದಾಗ ಅವ್ವ ತಿರುಗಿಸಿ ತಿರುಗಿಸಿ ನೋಡಿದ್ದಳು.

"ಚೆಂಡಂದ್ರ ದುಂಡಗ ಇರಬೇಕವಾ. ಇದೇನ, ಬದನಿಕಾಯಿ?"

"ಎಣಗಾಯಿ ಮಾಡಿಗೀಡಿ ಮತ್ತ. ನಂದಲ್ಲ ಅದು, ಟೀಮಿಂದು" ಎಂದಿದ್ದಳು ತಂಗಿ.

ಎರಡು ವರ್ಷದಲ್ಲಿ ಅವಳು ಬೇರೆ ರಾಜ್ಯಗಳಿಗೂ ಹೋಗಿ ಆಡಿ ಬಂದಳು. ಮೇಲಿಂದ ಬರುವ ಚೆಂಡನ್ನು ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹಿಡಿಯುವುದು ಅವಳ ಕೆಲಸ. ನಾನು ಒಂದೇ ಸಲ ಹೋಗಿ ನೋಡಿದ್ದೆ. ಹಾರುವಾಗ ಅವಳ ಕಣ್ಣು ಚೆಂಡಿನ ಮೇಲಷ್ಟೇ ಇರುತ್ತಿತ್ತು. ಪಕ್ಕದಿಂದ ಓಡಿ ಬರುವವರು ನನಗೆ ಕಾಣುತ್ತಿದ್ದರು, ಅವಳಿಗೆ ಕಾಣುತ್ತಿರಲಿಲ್ಲ. ಮತ್ತೆ ನಾನು ಹೋಗಲಿಲ್ಲ.

ಬರುವ ಭಾನುವಾರ ಆಯ್ಕೆಯ ಆಟವಿತ್ತು. ಅದರಲ್ಲಿ ಆರಿಸಿದವರು ಆಸ್ಟ್ರೇಲಿಯಾಕ್ಕೆ ಹೋಗಿ ಆಡುವವರು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಬಟ್ಟಲಿನಲ್ಲಿ ಅರ್ಧ ಎಣ್ಣೆ ಉಳಿದಿತ್ತು. ಎಡಗಿವಿಯ ಹಿಂದೆ ನನ್ನ ಬೆರಳಿಗೆ ಬುಗುಟೆ ಹತ್ತಿತು. ನಿಂಬೆಕಾಯಿಯಷ್ಟು ದಪ್ಪ, ಬಿಸಿ. ತಂಗಿ ಉಸಿರು ಒಳಗೆಳೆದುಕೊಂಡಳು. ಹಿಂದಿನ ಸಂಜೆ ಹಾರಿದಾಗ ಇನ್ನೊಬ್ಬಳ ಮೊಣಕಾಲು ಬಡಿದಿತ್ತಂತೆ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲವಂತೆ. ತರಬೇತುದಾರರು ಆಚೆ ತುದಿಯಲ್ಲಿದ್ದರು, ಅವರು ನೋಡುವಷ್ಟರಲ್ಲಿ ಎದ್ದು ನಿಂತಿದ್ದಳಂತೆ. ಡಾಕ್ಟರಿಗೆ ತೋರಿಸೋಣ ಎಂದೆ. ಅವಳು ಎಣ್ಣೆ ಹತ್ತಿದ ನನ್ನ ಕೈ ಹಿಡಿದುಕೊಂಡಳು.

"ತೋರಿಸಿದ್ರ ಆಡಬ್ಯಾಡ ಅಂತಾರ. ಎಂಟ ದಿನ ಅಕ್ಕಾ. ಸೆಲೆಕ್ಷನ್ ಆಗ್ಲಿ, ಅವ್ವಗ ನಾನ ಹೇಳ್ತೀನಿ."

ಆಗಲಿ ಎಂದೆ. ಬುಗುಟೆಯನ್ನು ಬಿಟ್ಟು ಸುತ್ತಲೂ ಎಣ್ಣೆ ಹಚ್ಚಿ ಜಡೆ ಹೆಣೆದೆ.

ಸೋಮವಾರ ಅವಳು ವಾಂತಿ ಮಾಡಿಕೊಂಡಳು. ನಮ್ಮ ಮನೆಯಲ್ಲಿ ತಲೆನೋವು, ವಾಂತಿ ಎಂದರೆ ಪಿತ್ತ. "ಹೊತ್ತಿಗೆ ಸರಿಯಾಗಿ ಉಣ್ಣೂದಿಲ್ಲ, ಪಿತ್ತ ಏರೈತಿ" ಎಂದು ಅವ್ವ ಜೀರಿಗೆ ಕುದಿಸಿ ನೀರು ಕೊಟ್ಟಳು. ಹೌದೆಂದು ನಾನೂ ತಲೆಯಾಡಿಸಿದೆ. ಮಂಗಳವಾರ ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದು ಕಿಟಕಿಗೆ ಅವ್ವನ ಹಳೆಯ ಸೀರೆ ಕಟ್ಟಿ ಮಲಗಿದಳು. ಬುಧವಾರ ಬೆಳಿಗ್ಗೆ "ಭಾನುವಾರ ಬಂದ್ ಐತೇನು" ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದೆ. ಊಟಕ್ಕೆ ಕೂತಾಗ ಅದನ್ನೇ ಕೇಳಿದಳು. ತಟ್ಟೆ ತೊಳೆಯುವಾಗ ಮತ್ತೆ ಕೇಳಿದಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಅಪ್ಪ ನಕ್ಕ. ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

ಅವತ್ತಿನಿಂದ ನಾನು ಬಂದ್ ಆಗಲಿ ಎಂದು ಬೇಡಿಕೊಳ್ಳತೊಡಗಿದೆ. ಅವಳಿಗೆ ಕೊಟ್ಟ ಮಾತೂ ಉಳಿಯಬೇಕು, ಅವಳೂ ಆಡಬಾರದು. ಶನಿವಾರ ಸಂಜೆ ಟಿವಿಯಲ್ಲಿ ಬಂದ್ ಇಲ್ಲ ಎಂದರು. ಅವ್ವ ದೇವರ ಮುಂದೆ ಊದುಬತ್ತಿ ಹಚ್ಚಿದಳು. "ತಲಿನೋವು ಹೋತವಾ" ಎಂದು ತಂಗಿ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುವುದು ಕೇಳಿಸಿತು. ನಿಜವಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಭಾನುವಾರ ಎಣ್ಣೆ ಹಚ್ಚಲಿಲ್ಲ. ಬೇಗ ಹೋಗಬೇಕೆಂದು ಅವಳೇ ಬೇಡವೆಂದಳು. ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದವು. ಅವ್ವ, ಅಪ್ಪ ಮೊದಲ ಸಲ ಆಟ ನೋಡಲು ಹೋದರು. ನಾನು ಮನೆಯಲ್ಲಿ ಉಳಿದೆ. ಮಧ್ಯಾಹ್ನ ಅಪ್ಪನ ಫೋನು ಬಂತು. ಹಾರಿ ಚೆಂಡು ಹಿಡಿದಳಂತೆ, ಇಳಿಯುವಾಗ ಇನ್ನೊಬ್ಬಳ ಭುಜ ತಲೆಗೆ ತಾಕಿತಂತೆ. ದೊಡ್ಡ ಪೆಟ್ಟೇನಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದು ಕುಸಿದಳಂತೆ.

ನಾನು ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ತೆಲುಗಿನಲ್ಲಿ ಅವ್ವನನ್ನು ಕೇಳುತ್ತಿದ್ದರು, ಇದಕ್ಕೆ ಮೊದಲು ತಲೆಗೆ ಏನಾದರೂ ಪೆಟ್ಟು ಬಿದ್ದಿತ್ತೇ ಎಂದು.

"ಲೇದಂಡಿ" ಎಂದ ಅವ್ವ ನನ್ನ ಕಡೆ ತಿರುಗಿದಳು. "ಇಲ್ಲಲ್ಲ?"

"ಇಲ್ಲ" ಎಂದೆ.

ಹೇಳಿದ್ದರೂ ಅಷ್ಟು ಹೊತ್ತಿಗೆ ಏನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಎಂಟು ದಿನಗಳ ಬಗ್ಗೆ ಹಾಗೆ ಹೇಳಿಕೊಳ್ಳಲು ಬರುವುದಿಲ್ಲ. ಮೂರನೆಯ ದಿನ ತಂಗಿ ತೀರಿಕೊಂಡಳು.

ಜೊತೆಯ ಹುಡುಗಿಯರು ಆ ಚೆಂಡನ್ನು ತಂದು ಕೊಟ್ಟರು. ಅದು ಟಿವಿಯ ಪಕ್ಕದಲ್ಲಿದೆ. ಅವ್ವ ದಿನವೂ ಒರೆಸಿ ಇಡುತ್ತಾಳೆ. ಮನೆಗೆ ಬಂದವರಿಗೆಲ್ಲ ಅವಳು ಹೇಳುವ ಮಾತು ಒಂದೇ. "ವಾರ ಪೂರ್ತಿ ತಲಿನೋವು ಅಂದ್ಳರಿ. ನಾ ಪಿತ್ತ ಅಂತ ಜೀರಿಗಿ ನೀರು ಕೊಟ್ಟೆ. ತಾಯಿ ಆಗಿ ನನಗ ತಿಳೀಲಿಲ್ಲ." ಬಂದವರು ಸಮಾಧಾನ ಹೇಳುತ್ತಾರೆ. ನಾನು ಚಹಾ ತರಲು ಒಳಗೆ ಹೋಗುತ್ತೇನೆ.

ಪಿತ್ತವಲ್ಲ ಎಂದು ನನಗೆ ಗೊತ್ತಿತ್ತು. ಆ ಮಾತನ್ನು ಅವ್ವನಿಗೆ ಇನ್ನೂ ಹೇಳಿಲ್ಲ.